ಪರದೆಯ ಹಿಂದಿನ ಕೈ: ವಿಡಿಯೋ ಗೇಮ್ ನಮ್ಮನ್ನು ಹೇಗೆ ನಂಬಿಸುತ್ತದೆ?

ಬಿಜಿಎಂಐ ಆಡಿ ‘ಚಿಕನ್ ಡಿನ್ನರ್’ ಹೊಡೆದೆ ಅಂತ ಕುಣಿಯುವ ಹುಡುಗನಿಗೆ ಸಾಮಾನ್ಯವಾಗಿ ಯಾರೂ ಹೇಳದ ಸಂಗತಿ ಒಂದಿದೆ. ಅವನು ಹೊಡೆದುರುಳಿಸಿದವರಲ್ಲಿ ಎಷ್ಟೋ ಮಂದಿ ಮನುಷ್ಯರೇ ಅಲ್ಲ. ಅವು ಬಾಟ್‌ಗಳು, ಅಂದ್ರೆ ಕಂಪ್ಯೂಟರ್ ಕುಣಿಸುವ ಗೊಂಬೆಗಳು. ಇದೇನೂ ಗುಟ್ಟಲ್ಲ. ಪಬ್‌ಜಿಯ ಕಂಪ್ಯೂಟರ್ ಆವೃತ್ತಿಗೆ 2020ರಲ್ಲಿ ಬಾಟ್‌ಗಳನ್ನು ಸೇರಿಸುವಾಗ ಕಂಪನಿಯೇ ಕಾರಣ ಹೇಳಿತ್ತು: ಹಳಬರು ಪಳಗಿಬಿಟ್ಟಿದ್ದಾರೆ, ಹೊಸಬರು ಇಳಿದ ಸ್ವಲ್ಪ ಹೊತ್ತಿಗೇ ಸಾಯುತ್ತಿದ್ದಾರೆ. ಅದರ ಹಿಂದಿನ ವರ್ಷ ಫೋರ್ಟ್‌ನೈಟ್ ಕೂಡ ಇದೇ ದಾರಿ ಹಿಡಿದಿತ್ತು. ಮೊಬೈಲ್ ಆವೃತ್ತಿಯ ಆರಂಭದ ಹಂತಗಳಲ್ಲಂತೂ ಬಾಟ್‌ಗಳು ಧಾರಾಳ. ಗೆಲುವಿನ ರುಚಿ ಹತ್ತಿದವನು ನಾಳೆ ಮತ್ತೆ ಬರುತ್ತಾನೆ, ಲೆಕ್ಕ ಅಷ್ಟೇ.

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಈಗ ಎಲ್ಲಿ ನೋಡಿದರೂ ಬಗ್ಗಿದ ಕತ್ತುಗಳೇ. ಬಸ್‌ಸ್ಟ್ಯಾಂಡಿನ ಕಟ್ಟೆ, ಚಹಾದಂಗಡಿಯ ಬೆಂಚು, ಸಕ್ಕರೆ ಕಾರ್ಖಾನೆಯ ಗೇಟಿನ ಮುಂದೆ ಪಾಳಿ ಹಚ್ಚಿ ನಿಂತ ಕಬ್ಬಿನ ಟ್ರ್ಯಾಕ್ಟರ್‌ನ ಸೀಟು, ಎಲ್ಲಾ ಕಡೆ ಫೋನು, ಫೋನಿನೊಳಗೆ ಆಟ. ಈ ಬಗ್ಗೆ ನಮ್ಮಲ್ಲಿ ಕೇಳಿಬರುವುದು ಎರಡೇ ಮಾತು. ಮನೆಯವರದು, “ಹುಡುಗ ಕೆಟ್ಟು ಹೋದ್ನೋಡ್ರಿ, ಫೋನ್ ಬಿಡಂಗಿಲ್ಲ.” ಹುಡುಗರದು, “ನಿಮಗ ತಿಳಿಯಂಗಿಲ್ಲ ಬಿಡ್ರಿ.” ಎರಡೂ ಕಡೆಯವರು ಒಂದನ್ನು ನೋಡುತ್ತಿಲ್ಲ ಅನ್ನುವುದು ನನ್ನ ವಾದ. ಆ ಆಟವನ್ನು ಯಾರೋ ಕೂತು ಕೈಯಾರೆ ಮಾಡಿದ್ದಾರೆ. ಅದರ ಒಂದೊಂದು ಗೆಲುವು, ಒಂದೊಂದು ಸೋಲು, ಒಂದೊಂದು ಮರ, ಮಂಜು, ಗುಂಡು, ಎಲ್ಲದರ ಹಿಂದೆ ಒಬ್ಬ ಕಸುಬುದಾರನ ತೀರ್ಮಾನ ಇದೆ. ಆ ಕೈಯನ್ನು ಕಾಣಲು ಕಲಿತರೆ ಆಟದ ಮೋಜೇನೂ ಕಡಿಮೆಯಾಗುವುದಿಲ್ಲ. ಮೋಸ ಹೋಗುವುದು ಮಾತ್ರ ಕಡಿಮೆಯಾಗುತ್ತದೆ.

ಕಣ್ಣಿಗೆ ಬೇಕಾದಷ್ಟೇ ಹಣ್ಣು

ಈ ವಿದ್ಯೆ ಗೋಕಾಕಕ್ಕೆ ಹೊಸದಲ್ಲ. ಹೊರಗಿನವರಿಗೆ ಗೋಕಾಕ ಅಂದ್ರೆ ಕರದಂಟು, ಇಲ್ಲವೇ ಫಾಲ್ಸ್. ಆದರೆ ಬ್ರಿಟಿಷರ ಕಾಲದ ಗೆಜೆಟಿಯರ್ ಈ ಊರಿನ ಬಗ್ಗೆ ಬರೆಯುವಾಗ ಇನ್ನೊಂದನ್ನು ದಾಖಲಿಸಿದೆ: ಹಗುರ ಕಟ್ಟಿಗೆಯಿಂದಲೂ, ಸುತ್ತಮುತ್ತ ಸಿಗುವ ಒಂದು ಬಗೆಯ ಮಣ್ಣಿನಿಂದಲೂ ಮಾಡುವ ಗೊಂಬೆಗಳು ಮತ್ತು ಹಣ್ಣುಗಳು. ಗೋಕಾಕದ ಗೊಂಬೆ ಮಾವಿನಹಣ್ಣನ್ನು ನೆನಪಿಸಿಕೊಳ್ಳಿ. ಬಣ್ಣ ಬಳಿದು ಬುಟ್ಟಿಯಲ್ಲಿಟ್ಟರೆ ಕೈ ತಾನಾಗಿ ಮುಂದೆ ಹೋಗುತ್ತದೆ. ಒಳಗೆ ರಸ ಇಲ್ಲ, ಗೊಪ್ಪ ಇಲ್ಲ. ಕಣ್ಣಿಗೆ ಎಷ್ಟು ಬೇಕೋ ಅಷ್ಟೇ ಹಣ್ಣು.

ವಿಡಿಯೋ ಗೇಮ್ ಮಾಡುವವರ ಮೊದಲ ಪಾಠವೂ ಇದೇ. ದೊಡ್ಡ ದೊಡ್ಡ ಆಟಗಳಲ್ಲಿ ಊರು, ಕಾಡು, ಬೆಟ್ಟ ಮೈಲುಗಟ್ಟಲೆ ಹಬ್ಬಿದಂತೆ ಕಾಣುತ್ತದಲ್ಲ, ಅದನ್ನೆಲ್ಲ ಯಂತ್ರ ಒಮ್ಮೆಲೇ ಬಿಡಿಸುವುದಿಲ್ಲ. ಆಟಗಾರನ ಕಣ್ಣು ಎತ್ತ ತಿರುಗಿದೆಯೋ ಅತ್ತಲಿನದನ್ನು ಮಾತ್ರ ಬಿಡಿಸುತ್ತದೆ. ನೀವು ಬೆನ್ನು ಮಾಡಿದ ಕಡೆ ಪರದೆಯ ಮಟ್ಟಿಗೆ ಊರೇ ಇಲ್ಲ. ತಿರುಗಿ ನೋಡಿದ ಕ್ಷಣಕ್ಕೆ ಮತ್ತೆ ಎದ್ದು ನಿಲ್ಲುತ್ತದೆ. ದೂರದ ಮರ ಒರಟು, ಹತ್ತಿರ ಹೋದಂತೆ ಎಲೆ ಮೂಡುತ್ತದೆ. ಇಷ್ಟು ಉಳಿತಾಯ ಮಾಡದಿದ್ದರೆ ನಿಮ್ಮ ಕೈಯಲ್ಲಿರುವ ಫೋನು ಕಾದ ಹಂಚಾಗುತ್ತದೆ.

ಕೊರತೆಯಿಂದ ಹುಟ್ಟಿದ ಕಲೆ

ಹಳೆಯ ಆಟಗಳ ಕಾಲದಲ್ಲಿ ಈ ಉಳಿತಾಯ ಇನ್ನೂ ಬಿಗಿ. ನಿಂಟೆಂಡೊದ ‘ಸೂಪರ್ ಮಾರಿಯೋ ಬ್ರದರ್ಸ್’ ಬಂದದ್ದು 1985ರಲ್ಲಿ. ಇಡೀ ಆಟ ಕೂತಿದ್ದು 40 ಕೆಬಿಯಲ್ಲಿ. ಇವತ್ತು ವಾಟ್ಸಾಪಿನಲ್ಲಿ ಕಳಿಸುವ ‘ಶುಭೋದಯ’ ಚಿತ್ರವೇ ಅದಕ್ಕಿಂತ ದೊಡ್ಡದಿರಬಹುದು. ಹಾಗಾಗಿ ಅವರು ಒಂದೇ ಆಕಾರವನ್ನು ಎರಡು ಸಲ ಬಳಸಿದರು. ಮೇಲೆ ಬಿಳಿ ಬಣ್ಣ ಕೊಟ್ಟರೆ ಮೋಡ, ಕೆಳಗೆ ಹಸಿರು ಕೊಟ್ಟರೆ ಪೊದೆ. ಕೋಟ್ಯಂತರ ಜನ ವರ್ಷಗಟ್ಟಲೆ ಆಡಿದರೂ ಬಹಳಷ್ಟು ಮಂದಿಗೆ ಅದು ಹೊಳೆಯಲೇ ಇಲ್ಲ.

ಮಾರಿಯೋನ ಮೀಸೆಯ ಕತೆಯೂ ಹೀಗೇ. 1981ರ ‘ಡಾಂಕಿ ಕಾಂಗ್’ ಆಟದಲ್ಲಿ ಅವನಿಗೆ ಸಿಕ್ಕಿದ್ದು ಬೆರಳೆಣಿಕೆಯ ಚುಕ್ಕಿಗಳು. ಅಷ್ಟರಲ್ಲಿ ಬಾಯಿ ಬಿಡಿಸಲು ಆಗಲಿಲ್ಲ, ಅದಕ್ಕೆ ಮೀಸೆ ಬಂತು. ಕೂದಲು ಹಾರುವುದನ್ನು ತೋರಿಸಲು ಆಗಲಿಲ್ಲ, ಅದಕ್ಕೆ ಟೊಪ್ಪಿಗೆ ಬಂತು. ಜಗತ್ತಿನ ಅತಿ ಪರಿಚಿತ ಮುಖಗಳಲ್ಲೊಂದು ರೂಪುಗೊಂಡದ್ದು ಜಾಗ ಸಾಲದ್ದರಿಂದ.

ಜಪಾನಿನ ತೊಮೊಹಿರೊ ನಿಶಿಕಾಡೊ 1978ರಲ್ಲಿ ಮಾಡಿದ ‘ಸ್ಪೇಸ್ ಇನ್ವೇಡರ್ಸ್’ನಲ್ಲಿ ಶತ್ರುಗಳು ಕಡಿಮೆಯಾದಂತೆ ಉಳಿದವರ ವೇಗ ಹೆಚ್ಚುತ್ತದೆ, ಎದೆ ಡವಡವ ಅನ್ನುತ್ತದೆ. ಮೊದಲಿಗೆ ಅದು ಯೋಚಿಸಿ ಮಾಡಿದ್ದಲ್ಲ. ಪರದೆಯ ತುಂಬ ಶತ್ರುಗಳಿದ್ದಾಗ ಯಂತ್ರಕ್ಕೆ ಎಲ್ಲರನ್ನೂ ಬೇಗ ಬೇಗ ಬಿಡಿಸಲು ಆಗುತ್ತಿರಲಿಲ್ಲ. ಸಾಯುತ್ತಾ ಹೋದಂತೆ ಯಂತ್ರದ ಭಾರ ಇಳಿದು ಓಟ ಹೆಚ್ಚಿತು. ನಿಶಿಕಾಡೊ ಅದನ್ನು ತಿದ್ದಲಿಲ್ಲ, ಹಾಗೇ ಇಟ್ಟುಕೊಂಡರು. ಆಟ ಮುಂದೆ ಹೋದಂತೆ ಕಷ್ಟವಾಗಬೇಕು ಅನ್ನುವ ಪದ್ಧತಿ ಗಟ್ಟಿಯಾದದ್ದರಲ್ಲಿ ಈ ಯಂತ್ರದ ಏದುಸಿರಿಗೂ ಪಾಲಿದೆ. 1999ರ ‘ಸೈಲೆಂಟ್ ಹಿಲ್’ನ ಭಯಾನಕ ಮಂಜು ಕೂಡ ಮೊದಲ ಪ್ಲೇಸ್ಟೇಷನ್‌ಗೆ ದೂರದ ದೃಶ್ಯ ಬಿಡಿಸುವ ತಾಕತ್ತು ಇಲ್ಲದ್ದನ್ನು ಮುಚ್ಚಿದ ಹೊದಿಕೆ.

ನನಗೆ ಬಲು ಇಷ್ಟವಾದದ್ದು ರೈಲಿನ ಕತೆ. ‘ಫಾಲ್‌ಔಟ್ 3’ಕ್ಕೆ 2009ರಲ್ಲಿ ಸೇರಿಸಿದ ಒಂದು ಭಾಗದಲ್ಲಿ ಆಟಗಾರ ಸುರಂಗ ರೈಲು ಹತ್ತಬೇಕು. ಆದರೆ ಓಡುವ ವಾಹನ ಅನ್ನುವುದೇ ಆ ಆಟದ ಯಂತ್ರಕ್ಕೆ ಗೊತ್ತಿರಲಿಲ್ಲ. ಮಾಡಿದವರು ಏನು ಮಾಡಿದರು ಗೊತ್ತೇ? ರೈಲಿನ ಬೋಗಿಯನ್ನು ಒಂದು ಉಡುಪು ಅಂತ ಮಾಡಿ ಪಾತ್ರಕ್ಕೆ ತೊಡಿಸಿದರು. ನೀವು ರೈಲಿನಲ್ಲಿ ಕೂತಿದ್ದೀರಿ ಅಂದುಕೊಳ್ಳುತ್ತೀರಿ. ನಿಜದಲ್ಲಿ ರೈಲನ್ನು ಮೈಮೇಲೆ ಹಾಕಿಕೊಂಡು ನೀವೇ ಓಡುತ್ತಿರುತ್ತೀರಿ!

ಕೇಳಿದರೆ ನಗು ಬರುತ್ತದೆ. ಆದರೆ ಕುಲಗೋಡ ತಮ್ಮಣ್ಣನ ನಾಡಿನವರಿಗೆ ಇದು ಪರಕೀಯ ಅನ್ನಿಸಬಾರದು. ಶ್ರೀಕೃಷ್ಣ ಪಾರಿಜಾತದ ಬಯಲು ವೇದಿಕೆಯ ಮೇಲೆ ದ್ವಾರಕೆಯ ಅರಮನೆ ಎಲ್ಲಿರುತ್ತದೆ? ಒಂದು ಹಾಡು, ಒಂದು ಹೆಜ್ಜೆ, ಭಾಗವತನ ಎರಡು ಮಾತು, ಅಷ್ಟಕ್ಕೇ ನೋಡುವವರ ಕಣ್ಣಲ್ಲಿ ಅರಮನೆ ಎದ್ದು ನಿಲ್ಲುತ್ತದೆ. ಉಳಿದದ್ದನ್ನು ಪ್ರೇಕ್ಷಕನೇ ತುಂಬಿಕೊಳ್ಳುತ್ತಾನೆ. ಗೇಮ್ ಮಾಡುವವರು ನೆಚ್ಚಿಕೊಂಡಿರುವುದೂ ಇದನ್ನೇ.

ಆಟಗಾರನ ಪರವಾದ ಸುಳ್ಳು

ಇಲ್ಲಿಯವರೆಗಿನದು ಕಣ್ಣಿಗೆ ಮಾಡುವ ಮೋಡಿ. ಇನ್ನೊಂದು ಬಗೆಯಿದೆ, ಅದು ಲೆಕ್ಕದಲ್ಲಿ ಮಾಡುವಂಥದ್ದು.

ಬಂಡೆಯ ಅಂಚಿನಿಂದ ಜಿಗಿಯುವ ಆಟ ಆಡಿದ್ದೀರಾ? ಅಂಚು ದಾಟಿದ ಮೇಲೆ ಗುಂಡಿ ಒತ್ತಿದರೂ ಎಷ್ಟೋ ಆಟಗಳಲ್ಲಿ ಪಾತ್ರ ಜಿಗಿಯುತ್ತದೆ. ಸೆಕೆಂಡಿನ ಒಂದು ಚೂರು ಹೊತ್ತು, ಗಾಳಿಯಲ್ಲಿ ನಿಂತಿದ್ದರೂ ನೆಲದ ಮೇಲಿದ್ದಂತೆ ಲೆಕ್ಕ ಹಿಡಿಯುತ್ತಾರೆ. ಕಸುಬಿನವರು ಇದನ್ನು ‘ಕೊಯೋಟಿ ಟೈಮ್’ ಅನ್ನುತ್ತಾರೆ. ಕಾರ್ಟೂನಿನ ತೋಳ ಬಂಡೆ ದಾಟಿ ಗಾಳಿಯಲ್ಲಿ ಓಡುತ್ತಲೇ ಇದ್ದು, ಕೆಳಗೆ ನೋಡಿದ ಮೇಲಷ್ಟೇ ಬೀಳುತ್ತದಲ್ಲ, ಆ ಹೆಸರು. ಈ ರಿಯಾಯಿತಿ ಇಲ್ಲದಿದ್ದರೆ “ನಾನು ಒತ್ತಿದ್ದೆ, ಗೇಮೇ ಸರಿ ಇಲ್ಲ” ಅಂತ ಆಟಗಾರ ಸಿಟ್ಟಾಗುತ್ತಾನೆ.

2017ರಲ್ಲಿ ಜೆನಿಫರ್ ಶಾಯರ್ಲೆ ಎಂಬ ಗೇಮ್ ವಿನ್ಯಾಸಕಿ ಟ್ವಿಟರ್‌ನಲ್ಲಿ ತಮ್ಮ ಕಸುಬಿನವರಿಗೆ ಒಂದು ಪ್ರಶ್ನೆ ಹಾಕಿದರು: ಆಟಗಾರರಿಗೆ ಗೊತ್ತಾಗದ ಹಾಗೆ ನೀವು ಬಳಸುವ ಚಮತ್ಕಾರ ಏನು? ಉತ್ತರಗಳು ಸುರಿದವು. ‘ಅಸ್ಯಾಸಿನ್ಸ್ ಕ್ರೀಡ್’, ‘ಡೂಮ್’ ಥರದ ಆಟಗಳಲ್ಲಿ ಜೀವದ ಪಟ್ಟಿಯ ಕೊನೆಯ ಚೂರಿಗೆ ಉಳಿದ ಭಾಗಕ್ಕಿಂತ ಹೆಚ್ಚು ಬೆಲೆ. ಪಟ್ಟಿ ನೋಡಿದರೆ ಇನ್ನೇನು ಸತ್ತೆವು ಅನ್ನಿಸಬೇಕು, ಆದರೆ ಸಾಯಬಾರದು. ಆಗ “ಕೂದಲೆಳೆಯಲ್ಲಿ ಬಚಾವಾದೆ” ಅನ್ನುವ ಖುಷಿ. 2007ರ ‘ಬಯೋಶಾಕ್’ನಲ್ಲಿ ಶತ್ರು ಹಾರಿಸುವ ಮೊದಲ ಗುಂಡು ಬೇಕೆಂದೇ ಗುರಿ ತಪ್ಪುತ್ತದೆ. ಎಲ್ಲಿಂದಲೋ ಬಂದ ಗುಂಡಿಗೆ ಸತ್ತರೆ ಅನ್ಯಾಯ ಅನ್ನಿಸುತ್ತದೆ, ಸದ್ದು ಕೇಳಿ ತಿರುಗಿ ಹೊಡೆದಾಡಿ ಸತ್ತರೆ ಅನ್ನಿಸುವುದಿಲ್ಲ.

ಇವೂ ಸುಳ್ಳೇ. ಆದರೆ ಮಗುವಿನ ಜೊತೆ ಕುಸ್ತಿ ಆಡುವ ಅಪ್ಪ ಬೇಕೆಂದೇ ಕೆಳಗೆ ಬೀಳುವ ಜಾತಿಯ ಸುಳ್ಳು. ಆಟ ಚೆಂದ ಆಗಲಿ ಅನ್ನುವುದಷ್ಟೇ ಅದರ ಉದ್ದೇಶ.

ಅದೇ ಕೈ ಜೇಬಿಗೆ ಬಂದಾಗ

ತೊಂದರೆ ಶುರುವಾಗುವುದು ಇಲ್ಲಿಂದ. ಕಾಸು ಕೊಟ್ಟು ಕ್ಯಾಸೆಟ್ ತಂದು ಆಡುವ ಕಾಲದಲ್ಲಿ, ಆಟ ಮಾರಾಟವಾದ ಮೇಲೆ ಕಂಪನಿಯ ಕೆಲಸ ಮುಗಿಯಿತು. ಈಗ ಆಟ ಪುಕ್ಕಟೆ. ಹಾಗಾದರೆ ದುಡ್ಡು ಎಲ್ಲಿಂದ? ಆಟದೊಳಗೆ ಮಾರುವ ಬಟ್ಟೆ, ಬಂದೂಕಿನ ಬಣ್ಣ, ಪೆಟ್ಟಿಗೆಗಳಿಂದ. ಆದ್ದರಿಂದ ಆಟಗಾರನ ಪರ ಕಟ್ಟಿದ ಚಮತ್ಕಾರಗಳನ್ನೇ ತುಸು ತಿರುಗಿಸಿ ಅವನ ಜೇಬಿನ ಕಡೆ ಹಿಡಿಯಬಹುದು.

ಮೊದಲನೆಯದು ಹಣದ ವೇಷ. ಬಿಜಿಎಂಐನಲ್ಲಿ ರೂಪಾಯಿ ಕೊಟ್ಟು ಯೂಸಿ ಕೊಳ್ಳಬೇಕು, ಫ್ರೀ ಫೈರ್ ಮ್ಯಾಕ್ಸ್‌ನಲ್ಲಿ ಡೈಮಂಡ್. ಒಮ್ಮೆ ರೂಪಾಯಿ ವೇಷ ಬದಲಿಸಿತೆಂದರೆ ಅದು ಅಪ್ಪನ ಕಬ್ಬಿನ ಬಿಲ್ಲಿನ ದುಡ್ಡು ಅಂತ ಅನ್ನಿಸುವುದಿಲ್ಲ. ಇಂಥ ನಾಣ್ಯವನ್ನು ಮಾರುವ ಅಳತೆಗೂ ವಸ್ತುವಿನ ಬೆಲೆಗೂ ಎಷ್ಟೋ ಕಡೆ ತಾಳೆ ಆಗುವುದಿಲ್ಲ. ಏನಾದರೂ ಕೊಂಡ ಮೇಲೆ ಸ್ವಲ್ಪ ಉಳಿಯುತ್ತದೆ, ಉಳಿದದ್ದನ್ನು ಬಳಸಲು ಇನ್ನಷ್ಟು ಹಾಕಬೇಕು.

ಎರಡನೆಯದು ಪೆಟ್ಟಿಗೆ. ದುಡ್ಡು ಕೊಟ್ಟು ತೆರೆಯಬೇಕು, ಒಳಗೆ ಏನಿದೆ ಗೊತ್ತಿಲ್ಲ. ಜಾತ್ರೆಯಲ್ಲಿ ರಿಂಗ್ ಎಸೆಯುವ ಅಂಗಡಿಗೂ ಇದಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ. ಸೋಪಿನ ಮೇಲೆ ರಿಂಗ್ ಸಲೀಸಾಗಿ ಬೀಳುತ್ತದೆ, ಗಡಿಯಾರದ ಮೇಲೆ ಬೀಳುವುದಿಲ್ಲ. ಆದರೆ ಜಾತ್ರೆ ಮುಗಿದರೆ ಅಂಗಡಿ ಎದ್ದು ಹೋಗುತ್ತದೆ, ಫೋನಿನೊಳಗಿನ ಅಂಗಡಿ ಏಳುವುದಿಲ್ಲ. ಈ ಪೆಟ್ಟಿಗೆಗಳಲ್ಲಿ ಯಾವುದು ಸಿಗುವ ಸಾಧ್ಯತೆ ಎಷ್ಟು ಅಂತ ಬಹಿರಂಗವಾಗಿ ಹೇಳಬೇಕೆಂದು ಚೀನಾ 2017ರಲ್ಲಿ ನಿಯಮ ತಂದಿತು. ಅದೇ ವರ್ಷದ ಕೊನೆಗೆ ಆ್ಯಪಲ್ ಕಂಪನಿ ತನ್ನ ಆ್ಯಪ್ ಅಂಗಡಿಗೂ ಇಂಥ ನಿಯಮ ಮಾಡಿತು. 2018ರಲ್ಲಿ ಬೆಲ್ಜಿಯಂ ದೇಶ ದುಡ್ಡು ಕೊಟ್ಟು ತೆರೆಯುವ ಪೆಟ್ಟಿಗೆಗಳು ಜೂಜಿನ ಕಾನೂನಿಗೆ ವಿರುದ್ಧ ಎಂದು ಹೇಳಿತು.

ಮೂರನೆಯದು ಇನ್ನೂ ನುಣುಪು. ಅಮೆರಿಕದ ಆ್ಯಕ್ಟಿವಿಷನ್ ಕಂಪನಿಗೆ 2017ರಲ್ಲಿ ಒಂದು ಪೇಟೆಂಟ್ ಸಿಕ್ಕಿತು. ಯಾರ ಜೊತೆ ಯಾರನ್ನು ಆಡಿಸಿದರೆ ಆಟಗಾರ ಖರೀದಿ ಮಾಡುತ್ತಾನೆ ಅನ್ನುವ ಲೆಕ್ಕ ಅದು. ಉದಾಹರಣೆಗೆ, ಹೊಸಬನೊಬ್ಬನನ್ನು ಒಳ್ಳೆಯ ಬಂದೂಕು ಕೊಂಡ ಪಳಗಿದವನ ಜೊತೆ ಹಾಕುವುದು, ನೋಡಿ ಅವನಿಗೂ ಆಸೆ ಹುಟ್ಟಲಿ ಅಂತ. ಇದನ್ನು ಯಾವ ಆಟದಲ್ಲೂ ಬಳಸಿಲ್ಲ ಎಂದು ಕಂಪನಿ ಹೇಳಿತು. ಬಳಸದೇ ಇರಬಹುದು. ಆದರೆ ಹೀಗೂ ಮಾಡಬಹುದು ಅಂತ ಕೂತು ಯೋಚಿಸಿ ಕಾಗದಕ್ಕೆ ಇಳಿಸಿದ್ದಾರೆ ಅನ್ನುವುದು ನಮ್ಮ ಮಕ್ಕಳಿಗೆ ತಿಳಿದಿರಬೇಕು.

ನಮ್ಮಲ್ಲಿ ಸರ್ಕಾರಕ್ಕೆ ಗೊತ್ತಿರುವ ಔಷಧಿ ಒಂದೇ, ನಿಷೇಧ. ಪಬ್‌ಜಿ ಮೊಬೈಲ್ ಅನ್ನು 2020ರ ಸೆಪ್ಟೆಂಬರ್‌ನಲ್ಲಿ ತೆಗೆದರು. 2021ರ ಜುಲೈನಲ್ಲಿ ಅದು ಬಿಜಿಎಂಐ ಆಗಿ ಬಂತು, 2022ರ ಜುಲೈನಲ್ಲಿ ಮತ್ತೆ ಹೋಯಿತು, 2023ರ ಮೇ ತಿಂಗಳಲ್ಲಿ ಮತ್ತೆ ಬಂತು. ಹಾಗೆ ತೆಗೆಯಲು ಕೊಟ್ಟ ಕಾರಣ ಮಕ್ಕಳ ಹಿತವಲ್ಲ, ದೇಶದ ಭದ್ರತೆ ಮತ್ತು ದತ್ತಾಂಶ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಒಪ್ಪಿತು. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆಟಗಳಿಗೆ ಅದು ಬಾಗಿಲು ಹಾಕಿತು. ರಮ್ಮಿ, ಫ್ಯಾಂಟಸಿ ಕ್ರಿಕೆಟ್‌ನಲ್ಲಿ ಮನೆ ಕಳೆದುಕೊಂಡವರನ್ನು ಕಂಡ ನಮ್ಮ ಭಾಗಕ್ಕೆ ಅದು ಬೇಕಿತ್ತು ಅಂತಲೇ ನಾನು ಹೇಳುತ್ತೇನೆ. ಆದರೆ ಗೆದ್ದರೆ ದುಡ್ಡು ಬಾರದ, ಬರೀ ಬಣ್ಣದ ಅಂಗಿ ಬರುವ ಪೆಟ್ಟಿಗೆಯ ಬಗ್ಗೆ ಮಾತು ನಮ್ಮ ಮನೆಗಳಲ್ಲಿ, ಶಾಲೆಗಳಲ್ಲಿ ಶುರುವೇ ಆಗಿಲ್ಲ. ಕಾನೂನು ಬಾಗಿಲು ಕಾಯಬಹುದು. ಪರದೆಯೊಳಗಿನ ಕೈಯನ್ನು ಗುರುತಿಸುವುದು ಆಡುವವನೇ ಕಲಿಯಬೇಕಾದ ವಿದ್ಯೆ.

ಹೆಸರಿಲ್ಲದ ಕೈಗಳು, ಬೆಂಗಳೂರಿನ ಕೈಗಳು

ಆ ಕೈ ಕಾಣದಿರಲು ಇನ್ನೊಂದು ಕಾರಣವೂ ಇದೆ. ಕಂಪನಿಗಳೇ ಎಷ್ಟೋ ಸಲ ಅದನ್ನು ಮುಚ್ಚಿಟ್ಟಿವೆ.

1970ರ ದಶಕದಲ್ಲಿ ಅಟಾರಿ ಕಂಪನಿ ತನ್ನ ಆಟಗಳ ಮೇಲೆ ಮಾಡಿದವರ ಹೆಸರು ಹಾಕುತ್ತಿರಲಿಲ್ಲ. ಇದಕ್ಕೆ ಮತ್ತು ಕೈಗೆ ಬರುತ್ತಿದ್ದ ಪಾಲಿಗೆ ಬೇಸತ್ತ ನಾಲ್ವರು ಹೊರಬಂದು 1979ರಲ್ಲಿ ಆ್ಯಕ್ಟಿವಿಷನ್ ಕಟ್ಟಿದರು. ಹೌದು, ಮೇಲೆ ಹೇಳಿದ ಪೇಟೆಂಟಿನ ಅದೇ ಆ್ಯಕ್ಟಿವಿಷನ್. ವಾರನ್ ರಾಬಿನೆಟ್ ಎಂಬ ಇನ್ನೊಬ್ಬ ಉದ್ಯೋಗಿ ಬೇರೆ ದಾರಿ ಹಿಡಿದರು. ತಾವು ಮಾಡಿದ ‘ಅಡ್ವೆಂಚರ್’ ಆಟದಲ್ಲಿ ಯಾರಿಗೂ ಹೇಳದೆ ಒಂದು ಗುಪ್ತ ಕೋಣೆ ಕಟ್ಟಿದರು. ಕಣ್ಣಿಗೆ ಬೀಳದಂಥ ಒಂದು ಚುಕ್ಕಿಯನ್ನು ಹುಡುಕಿ ತಂದರೆ ಮಾತ್ರ ಆ ಕೋಣೆಯ ದಾರಿ ತೆರೆಯುತ್ತದೆ, ಒಳಗೆ ಅವರ ಹೆಸರು ಹೊಳೆಯುತ್ತದೆ. ಅವರು ಕೆಲಸ ಬಿಟ್ಟ ಮೇಲೆ, 1980ರಲ್ಲಿ, ಆಟಗಾರ ಹುಡುಗನೊಬ್ಬ ಅದನ್ನು ಪತ್ತೆ ಹಚ್ಚಿ ಕಂಪನಿಗೆ ಪತ್ರ ಬರೆದ. ತಿದ್ದುವುದು ದುಬಾರಿ ಅಂತ ಹಾಗೇ ಬಿಟ್ಟರು. ಆಟಗಳಲ್ಲಿ ಅಡಗಿಸಿಡುವ ಇಂಥ ಗುಟ್ಟುಗಳಿಗೆ ‘ಈಸ್ಟರ್ ಎಗ್’ ಅನ್ನುವ ಹೆಸರು ಬಂದದ್ದು ಅಲ್ಲಿಂದ. ಕೂಲಿಯವನು ಕಟ್ಟಡದ ಕಲ್ಲಿನ ಮೂಲೆಯಲ್ಲಿ ತನ್ನ ಹೆಸರು ಕೆತ್ತಿದಂತೆ.

ಈ ಕೈಗಳು ಅಮೆರಿಕ, ಜಪಾನಿನಲ್ಲೇ ಇವೆ ಅಂದುಕೊಳ್ಳಬೇಡಿ. ರಾಜೇಶ್ ರಾವ್ ಅವರು ಬೆಂಗಳೂರಿನಲ್ಲಿ 1997ರಲ್ಲಿ ಧ್ರುವ ಇಂಟರಾಕ್ಟಿವ್ ಶುರು ಮಾಡಿದರು. ಭಾರತದ ಮೊದಲ ಗೇಮ್ ಕಂಪನಿಗಳಲ್ಲಿ ಅದೊಂದು. ಫ್ರಾನ್ಸಿನ ಇನ್ಫೋಗ್ರಾಮ್ಸ್ ಕಂಪನಿಗೆ ‘ಮಿಷನ್: ಇಂಪಾಸಿಬಲ್’ ಆಟದ ಕಂಪ್ಯೂಟರ್ ಆವೃತ್ತಿಯ ಕೆಲಸ ಮಾಡಿದ್ದರಿಂದ ಹೊರದೇಶದ ಬಾಗಿಲು ತೆರೆಯಿತು. ಆಮೇಲೆ ಮೈಕ್ರೋಸಾಫ್ಟ್‌ನ ‘ಫೋರ್ಜಾ’ ಸರಣಿಯ ಕಾರುಗಳನ್ನು ಮಾಡಿದವರಲ್ಲಿ ಇವರೂ ಸೇರಿದರು. ಫೋಟೋ ಮುಂದಿಟ್ಟುಕೊಂಡು ಬಾನೆಟ್ಟಿನ ಬಾಗು, ಸೀಟಿನ ಹೊಲಿಗೆ, ಗಾಲಿಯ ಬೋಲ್ಟು ಒಂದೊಂದನ್ನೂ ಕಂಪ್ಯೂಟರಿನಲ್ಲಿ ಕೈಯಾರೆ ತೀಡುವ ಕೆಲಸ. ಗೋಕಾಕದ ಗೊಂಬೆಯವರು ಮಾವಿನ ತೊಟ್ಟಿಗೆ ಕಪ್ಪು ಮುಟ್ಟಿಸುವ ಕೆಲಸದ ತಮ್ಮ ಅದು.

2019ರ ಮೇ ತಿಂಗಳಲ್ಲಿ ಧ್ರುವ ಕಂಪನಿಯನ್ನು ‘ಗ್ರ್ಯಾಂಡ್ ಥೆಫ್ಟ್ ಆಟೊ’ ಮಾಡುವ ರಾಕ್‌ಸ್ಟಾರ್ ಕೊಂಡುಕೊಂಡಿತು. ಬೆಂಗಳೂರಿನಲ್ಲಿ 2016ರಿಂದ ಇದ್ದ ರಾಕ್‌ಸ್ಟಾರ್ ಇಂಡಿಯಾದೊಳಗೆ ಅದು ಸೇರಿಹೋಯಿತು. ಅಂದ್ರೆ ಹುಕ್ಕೇರಿಯ ಹುಡುಗ ಜಿಟಿಎ ಅಂತ ಬಾಯಿ ಬಿಡುತ್ತಾನಲ್ಲ, ಅದನ್ನು ಮಾಡುವ ಕಂಪನಿಯ ಒಂದು ಕೈ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಸಿಗುವ ಊರಿನಲ್ಲಿದೆ. ಅಂದಹಾಗೆ ಜಿಟಿಎ ಹುಟ್ಟಿದ್ದೂ ಒಂದು ಎಡವಟ್ಟಿನಿಂದ. ಸ್ಕಾಟ್ಲೆಂಡಿನ ಡಂಡಿಯಲ್ಲಿ ‘ರೇಸ್ ಎನ್ ಚೇಸ್’ ಅನ್ನುವ ಹೆಸರಿನಲ್ಲಿ ಅದನ್ನು ಕಟ್ಟುತ್ತಿದ್ದಾಗ ಒಂದು ದೋಷದಿಂದ ಪೊಲೀಸ್ ಕಾರುಗಳು ಹುಚ್ಚೆದ್ದು ಆಟಗಾರನ ಮೇಲೆಯೇ ನುಗ್ಗತೊಡಗಿದವು. ಪರೀಕ್ಷೆಗೆ ಆಡಿದವರಿಗೆ ಅದೇ ಮಜಾ ಅನ್ನಿಸಿತು. ಆಟದ ದಿಕ್ಕೇ ಬದಲಾಗಿ 1997ರಲ್ಲಿ ಜಿಟಿಎ ಹೊರಬಂತು.

ಹಾಗಂತ ಈ ಕಸುಬನ್ನು ಹೂವಿನ ಹಾಸಿಗೆ ಅಂತ ನಾನು ಮಾರಲಾರೆ. ಆಟ ಮುಗಿಯುವ ಮೊದಲೇ ಕೆಲಸ ಬಿಟ್ಟವರ ಹೆಸರು ಆಟದ ಕೊನೆಯ ಪಟ್ಟಿಯಲ್ಲಿ ಬರುವುದಿಲ್ಲ ಎಂಬ ರಾಕ್‌ಸ್ಟಾರ್‌ನ ಪದ್ಧತಿ 2018ರಲ್ಲಿ ದೊಡ್ಡ ಚರ್ಚೆಯಾಯಿತು. ಸಿನಿಮಾಗಳ ಜೊತೆ ಗೇಮ್‌ಗಳಿಗೂ ಚಿತ್ರಕಲೆ ಒದಗಿಸುತ್ತಿದ್ದ ಟೆಕ್ನಿಕಲರ್ 2025ರ ಫೆಬ್ರುವರಿಯಲ್ಲಿ ಕುಸಿದಾಗ, ಬೆಂಗಳೂರಿನಲ್ಲಿ ಕೆಲಸ ಕಳೆದುಕೊಂಡವರಿಗೆ ಅದರ ಮುನ್ಸೂಚನೆ ಸಿಕ್ಕಿದ್ದೇ ಕಡಿಮೆ. ಬೇರೆಯವರ ಆಟಕ್ಕೆ ಕಾರು, ಮರ, ಬಟ್ಟೆ ಮಾಡಿಕೊಡುವವನ ಕೈಗೆ ಸಂಬಳ ಬರುತ್ತದೆ, ಆಟ ಬರುವುದಿಲ್ಲ.

ನಮ್ಮ ಊರಿನಿಂದ ಏನು ಮಾಡಬಹುದು?

ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆ ದೇಶದಲ್ಲೇ ಮೊದಲು ನೀತಿ ತಂದ ರಾಜ್ಯ ಕರ್ನಾಟಕ, 2012ರಲ್ಲಿ. ಈಗಿನದು 2024ರಿಂದ 2029ರವರೆಗಿನ ನೀತಿ. ಅದರ ಫಲ ಬಹುಪಾಲು ಬೆಂಗಳೂರಿನಲ್ಲೇ ಉಳಿದಿದೆ. ಆದರೆ ಶುರು ಮಾಡಲು ಬೆಂಗಳೂರೇ ಬೇಕು ಅಂತಿಲ್ಲ. ಆಕಾರ ತೀಡುವ ಬ್ಲೆಂಡರ್, ಆಟ ಕಟ್ಟುವ ಗೊಡೊ, ಚಿಕ್ಕ ಮಕ್ಕಳಿಗೆ ಸ್ಕ್ರ್ಯಾಚ್, ಮೂರೂ ಪುಕ್ಕಟೆ. ಸಹಕಾರಿ ಸಂಘ ಕಟ್ಟಿ ಮನೆಮನೆಗೆ ಕರೆಂಟು ಹಂಚಿದ ತಾಲೂಕು ಹುಕ್ಕೇರಿ. ಶಾಲೆಯ ಕಂಪ್ಯೂಟರ್ ಕೋಣೆಯ ಬೀಗ ಬೇಸಿಗೆ ರಜೆಯಲ್ಲಿ ಎರಡು ವಾರ ತೆಗೆಸುವುದು ಅದಕ್ಕಿಂತ ಕಷ್ಟದ ಕೆಲಸವೇನಲ್ಲ.

ಮೊದಲ ಪಾಠಕ್ಕೆ ಬಂದೂಕು ಬೇಡ, ಚೌಕಾಬಾರ ಸಾಕು. ನಾಲ್ಕು ಕವಡೆ. ಒಂದೊಂದೂ ಮೇಲೆ ಬೀಳುವುದು, ಕೆಳಗೆ ಬೀಳುವುದು ಸಮ ಅಂತ ಹಿಡಿದರೆ, ನಾಲ್ಕೂ ಬೋರಲು ಬಿದ್ದು ‘ಬಾರ’ ಆಗುವುದು ಸರಾಸರಿ 16ರಲ್ಲಿ 1 ಸಲ. ಹುಡುಗನಿಗೆ ಮೊದಲು ಈ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಬರೆಯಲು ಹೇಳಿ. ಆಮೇಲೆ ಒಂದೇ ಒಂದು ಸಾಲು ಸೇರಿಸಲು ಹೇಳಿ: ಸತತ ಮೂರು ಆಟ ಸೋತವನಿಗೆ ಬಾರ ಬೀಳುವುದನ್ನು 16ರಲ್ಲಿ 3 ಮಾಡು. ಗೆಳೆಯರಿಗೆ ಹೇಳದೆ ಆಡಿಸಲಿ. ಸೋಲುತ್ತಿದ್ದವನು ಹುರುಪಾಗಿ “ಇನ್ನೊಂದ್ ಆಟ ಆಡೂಣು” ಅನ್ನುವುದನ್ನು ಅವನು ಕಣ್ಣಾರೆ ನೋಡಲಿ. ಆಮೇಲೆ ಕೇಳಿ: ಈ ಇನ್ನೊಂದು ಆಟಕ್ಕೆ ಹತ್ತು ರೂಪಾಯಿ ಅಂತ ನೀನು ಇಟ್ಟರೆ?

ಆ ಪ್ರಶ್ನೆಗೆ ಅವನು ಏನು ಉತ್ತರ ಕೊಡುತ್ತಾನೋ ಅದು ಅವನಿಗೆ ಬಿಟ್ಟದ್ದು. ಆದರೆ ಆ ಸಾಲನ್ನು ಒಮ್ಮೆ ತಾನೇ ಬರೆದವನು, ಮುಂದೆ ಯಾವ ಪೆಟ್ಟಿಗೆ ತೆರೆಯುವ ಮುಂಚೆಯೂ ಕ್ಷಣ ಹೊತ್ತು ಬೆರಳು ತಡೆಯುತ್ತಾನೆ.